ನನಗೆ ಏನೂ ತೊಂದರೆ ಇಲ್ಲ, ಆದರೆ ಎಂಆರ್‌ಐನಲ್ಲಿ 'ಆ್ಯಕ್ಟಿವ್ ಲೀಷನ್' ಅಂತ ಬಂದಿದೆ. ಎಷ್ಟು ನಂಬಬೇಕು?

ಮುಂಗಾರು_ಹಕ್ಕಿ

ಎಲ್ಲರಿಗೂ ನಮಸ್ಕಾರ. ನನಗೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮಿದುಳು, ಬೆನ್ನುಹುರಿಯ ಕಾಯಿಲೆ ಇದೆ ಅಂತ ಗೊತ್ತಾಗಿ ಒಂದೂವರೆ ವರ್ಷ ಆಯಿತು. ಶುರುವಾದದ್ದು ಬಲಗಣ್ಣಿನಿಂದ. ನೋಟ ಮಸುಕಾಯಿತು, ಕಣ್ಣು ಹೊರಳಿಸಿದರೆ ನೋವು. ಎಂಆರ್‌ಐ ಮಾಡಿಸಿದ ಮೇಲೆ ಕಾಯಿಲೆ ಇದೇ ಎಂದರು. ಡೈಮೀಥೈಲ್ ಫ್ಯುಮರೇಟ್ ಮಾತ್ರೆ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಅಟ್ಯಾಕ್, ಅಂದರೆ ಎಂಎಸ್‌ನ ಹೊಸ ತೊಂದರೆ ಕಾಣಿಸಿಕೊಳ್ಳುವುದು, ಆಗಿಲ್ಲ. ನಡಿಗೆ, ಕೆಲಸ, ನಿದ್ದೆ ಎಲ್ಲ ಸರಿಯಾಗಿದೆ.

ಹೋದ ವಾರ ಮತ್ತೆ ಸ್ಕ್ಯಾನ್ ಆಯಿತು. ರಿಪೋರ್ಟಿನಲ್ಲಿ 'ಹಿಂದಿನದಕ್ಕೆ ಹೋಲಿಸಿದರೆ ಮೂರು ಹೊಸ ಟಿ2 ಲೀಷನ್‌ಗಳು, ಅವುಗಳಲ್ಲಿ ಒಂದು ಕಾಂಟ್ರಾಸ್ಟ್ ಹಿಡಿದಿದೆ, ಆ್ಯಕ್ಟಿವ್' ಎಂದಿದೆ. ಲೀಷನ್ ಅಂದರೆ ಕಾಯಿಲೆಯಿಂದ ಹಾನಿಯಾದ ಜಾಗ. ಡಾಕ್ಟರ್ ಔಷಧಿ ಬದಲಿಸುವ ಮಾತು ತೆಗೆದಿದ್ದಾರೆ. ನನಗೆ ಒಪ್ಪಲು ಮನಸ್ಸಾಗುತ್ತಿಲ್ಲ. ಮೈಯಲ್ಲಿ ಏನೂ ಆಗದೆ ಇರುವಾಗ ಒಂದು ಚಿತ್ರ ನೋಡಿ ಔಷಧಿ ಬದಲಿಸುವುದು ಸರಿಯಾ? ಮಷೀನು ಯಾವುದು ಹೊಸದು, ಯಾವುದು ಹಳೆಯದು ಅಂತ ಹೇಗೆ ಕಂಡುಹಿಡಿಯುತ್ತದೆ? ತಪ್ಪಾಗುವ ಸಾಧ್ಯತೆ ಇಲ್ವಾ? ಎರಡು ರಾತ್ರಿಯಿಂದ ಇದೇ ಯೋಚನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೆಯ_ಬೇರು

ತಂಗಿ, ಮೊದಲು ಸ್ವಲ್ಪ ಉಸಿರು ಬಿಡು. ನನಗೆ ಎಂಎಸ್ ಬಂದು ಹದಿನಾಲ್ಕು ವರ್ಷ. ನಿನ್ನ ಪ್ರಶ್ನೆಯನ್ನೇ ನಾನೂ ಕೇಳಿದ್ದೆ, ನಾಲ್ಕನೇ ವರ್ಷದಲ್ಲಿ.

ಆಗ ನಾನು ಆರಾಮಾಗಿದ್ದೆ. ಸ್ಕ್ಯಾನಿನಲ್ಲಿ ಎರಡು ಲೀಷನ್ ಹೊಳೆದವು. 'ನನಗೇನೂ ಆಗಿಲ್ಲ' ಎಂದು ಹಟ ಹಿಡಿದೆ. ಡಾಕ್ಟರೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಐದು ತಿಂಗಳ ನಂತರ ಎಡಗಾಲು ಎಳೆಯತೊಡಗಿತು. ಅದೇ ಲೀಷನ್‌ನಿಂದ ಆಯಿತು ಅಂತ ನಾನು ಹೇಳುತ್ತಿಲ್ಲ. ಕಾಲಿನ ತೊಂದರೆಗೆ ಕಾರಣವಾದದ್ದು ಬೆನ್ನುಹುರಿಯಲ್ಲಿತ್ತು, ಜಾಗವೇ ಬೇರೆ. ಆದರೆ ಕಾಯಿಲೆ ಒಳಗೆ ಎಚ್ಚರವಾಗಿದೆ ಎಂಬುದನ್ನು ಆ ಸ್ಕ್ಯಾನ್ ಮೊದಲೇ ಹೇಳಿತ್ತು. ನಾನು ಕಿವಿ ಕೊಡಲಿಲ್ಲ. ಇದು ನನ್ನ ಒಬ್ಬನ ಅನುಭವ, ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ.

ಸ್ಕ್ಯಾನ್_ಕೋಣೆ

ನಾನು ಎಂಆರ್‌ಐ ಟೆಕ್ನಾಲಜಿಸ್ಟ್. ರಿಪೋರ್ಟ್ ಬರೆಯುವವನಲ್ಲ, ಚಿತ್ರ ತೆಗೆಯುವವನು. ಮೇಡಂ, ನಿಮ್ಮ 'ಹೇಗೆ' ಎಂಬ ಪ್ರಶ್ನೆಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಗೋಡೆಯ ಮೇಲೆ ನೀರಿನ ಕಲೆ ಕಂಡರೆ ಯಾವಾಗಲೋ ನೀರು ಸೋರಿದೆ ಅಂತ ತಿಳಿಯುತ್ತದೆ. ಈಗಲೂ ಸೋರುತ್ತಿದೆಯಾ, ಎರಡು ವರ್ಷದ ಹಿಂದೆ ಸೋರಿ ನಿಂತದ್ದಾ ಎಂಬುದು ಬರೀ ಕಲೆ ನೋಡಿದರೆ ಗೊತ್ತಾಗುವುದಿಲ್ಲ, ಅಲ್ವಾ? ಟಿ1, ಟಿ2, ಫ್ಲೇರ್ ಅಂದರೆ ಒಂದೇ ಸ್ಕ್ಯಾನಿನಲ್ಲಿ ತೆಗೆಯುವ ಬೇರೆ ಬೇರೆ ಬಗೆಯ ಚಿತ್ರಗಳು. ಟಿ2 ಮತ್ತು ಫ್ಲೇರ್ ಚಿತ್ರಗಳಲ್ಲಿ ಬಿಳಿಯಾಗಿ ಕಾಣುವುದು ಆ ಕಲೆ. ನಿನ್ನೆ ಮೊನ್ನೆಯ ಲೀಷನ್ನೂ ಬಿಳಿ, ಹತ್ತು ವರ್ಷದ್ದೂ ಬಿಳಿ.

ಈಗ ಸೋರುತ್ತಿದೆಯಾ ಎಂದು ತಿಳಿಯಲು ಗ್ಯಾಡೋಲಿನಿಯಂ ಎಂಬ ಲೋಹ ಇರುವ ಇಂಜೆಕ್ಷನ್ ಕೊಡುತ್ತೇವೆ. ಕಾಂಟ್ರಾಸ್ಟ್ ಅನ್ನುವುದು ಇದಕ್ಕೇ. ಸಾಮಾನ್ಯವಾಗಿ ಮಿದುಳಿನ ರಕ್ತನಾಳಗಳು ಇದನ್ನು ಹೊರಗೆ ಬಿಡುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಗಟ್ಟಿ ತಡೆ ಇದೆ. ಎಂಎಸ್‌ನಲ್ಲಿ ಹೊಸ ಲೀಷನ್ ಹುಟ್ಟುವಾಗ ರೋಗನಿರೋಧಕ ಕಣಗಳು ಆ ತಡೆಯನ್ನು ದಾಟಿ ಒಳಗೆ ನುಗ್ಗುತ್ತವೆ, ನರಗಳ ಮೈಲಿನ್ ಹೊದಿಕೆಯ ಮೇಲೆ ಬೀಳುತ್ತವೆ. ಆ ಜಾಗದಲ್ಲಿ ತಡೆ ಸಡಿಲವಾಗುತ್ತದೆ, ಔಷಧಿ ಅಲ್ಲಿಂದ ಒಳಕ್ಕೆ ಜಿನುಗುತ್ತದೆ. ಟಿ1 ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಈ ಹೊಳಪು ಸರಾಸರಿ ಮೂರು ವಾರ ಇರುತ್ತದೆ. ಕೆಲವರಲ್ಲಿ ಎರಡೇ ವಾರ, ಕೆಲವರಲ್ಲಿ ಆರು. ಅಂದರೆ ನಿಮ್ಮ ಹೊಳೆಯುವ ಲೀಷನ್ ಹೋದ ವರ್ಷದ್ದಲ್ಲ, ಕೆಲವು ವಾರದ ಹಿಂದಿನದು. ಒಂದೇ ಸ್ಕ್ಯಾನಿನಲ್ಲಿ ದಿನಾಂಕದ ಸುಳಿವು ಕೊಡುವುದು ಮುಖ್ಯವಾಗಿ ಇದೇ.

ನಮ್ಮ ಕಡೆಯಿಂದ ತಪ್ಪಾಗುವ ಜಾಗಗಳೂ ಇವೆ, ಮುಚ್ಚಿಡುವುದಿಲ್ಲ. ಇಂಜೆಕ್ಷನ್ ಕೊಟ್ಟ ತಕ್ಷಣ ಚಿತ್ರ ತೆಗೆದರೆ ಔಷಧಿ ಜಿನುಗಲು ಸಮಯ ಸಾಲದು, ಲೀಷನ್ ಹೊಳೆಯದೆ ಉಳಿದೀತು. ಕನಿಷ್ಠ 5 ನಿಮಿಷ ಕಾಯಲೇಬೇಕು. ನಾನು 10 ನಿಮಿಷ ಬಿಡುತ್ತೇನೆ. ಆ ಹೊತ್ತಿನಲ್ಲಿ ಸುಮ್ನೆ ಕೂರುವುದಿಲ್ಲ, ಫ್ಲೇರ್ ಅಥವಾ ಟಿ2 ತೆಗೆದುಕೊಳ್ಳುತ್ತೇನೆ. ಡೋಸು ತೂಕದ ಮೇಲೆ: ಕಿಲೋಗೆ 0.1 ಮಿಲಿಮೋಲ್. ಇನ್ನೊಂದು ವಿಷಯ, ಸಣ್ಣ ರಕ್ತನಾಳವನ್ನು ಅಡ್ಡಲಾಗಿ ಕೊಯ್ದಂತೆ ಸ್ಲೈಸ್ (ಮಿದುಳಿನ ಒಂದು ಪದರದ ಚಿತ್ರ) ಬಂದರೆ ಅದೂ ಹೊಳೆಯುವ ಚುಕ್ಕೆಯ ಹಾಗೇ ಕಾಣುತ್ತದೆ. ಆಗ ಅದೇ ಜಾಗವನ್ನು ಫ್ಲೇರ್‌ನಲ್ಲಿ ನೋಡಬೇಕು. ಅಲ್ಲಿ ಬಿಳಿ ಕಲೆ ಇಲ್ಲದಿದ್ದರೆ ಅದು ಲೀಷನ್ ಅಲ್ಲ, ಬಹುಶಃ ನಾಳ.

ಪ್ರಶ್ನೆ_ಗಂಟು

ನಾನು ಎರಡು ವರ್ಷದಿಂದ ಕಾಂಟ್ರಾಸ್ಟ್ ಬೇಡ ಅನ್ನುತ್ತಿದ್ದೇನೆ. ಗ್ಯಾಡೋಲಿನಿಯಂ ಮಿದುಳಿನಲ್ಲಿ ಉಳಿದುಕೊಳ್ಳುತ್ತದೆ ಎಂದು ಓದಿದ ಮೇಲೆ ನಿಜಕ್ಕೂ ಭಯ ಬಂತು. ಜೀವನ ಪೂರ್ತಿ ಸ್ಕ್ಯಾನ್ ಮಾಡಿಸಬೇಕಾದವರು ನಾವು. ಪ್ರತಿ ಸಲ ಒಂದು ಲೋಹವನ್ನು ಮೈಗೆ ಏರಿಸಿಕೊಳ್ಳಬೇಕಾ? ಹೊಸ ಟಿ2 ಲೀಷನ್ ಎಣಿಸಿದರೆ ಸಾಕು ಅಂತ ನನ್ನ ಡಾಕ್ಟರೇ ಹೇಳಿದ್ದಾರೆ.

ಹಳೆಯ_ಬೇರು

ನನ್ನ ಲೆಕ್ಕದಲ್ಲಿ ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್ ಅರ್ಧ ಸ್ಕ್ಯಾನ್. ನಾನಂತೂ ಬಿಡುವುದಿಲ್ಲ.

ನರಜಾಲ

ನಾನು ನರರೋಗ ವೈದ್ಯೆ. ಇಲ್ಲಿ ಬರೆಯುವುದು ಸಾಮಾನ್ಯ ಮಾಹಿತಿ. ಮುಂಗಾರು ಅವರ ಚಿತ್ರಗಳನ್ನು ನಾನು ನೋಡಿಲ್ಲ, ಅವರ ಚಿಕಿತ್ಸೆಯ ಬಗ್ಗೆ ತೀರ್ಪು ಕೊಡುವುದಿಲ್ಲ.

ಪ್ರಶ್ನೆ_ಗಂಟು ಅವರ ಭಯಕ್ಕೆ ಆಧಾರ ಇದೆ. 2014ರಲ್ಲಿ ಜಪಾನಿನ ವೈದ್ಯರು, ಹಲವು ಸಲ ಗ್ಯಾಡೋಲಿನಿಯಂ ತೆಗೆದುಕೊಂಡವರ ಮಿದುಳಿನ ಕೆಲವು ಭಾಗಗಳು ಕಾಂಟ್ರಾಸ್ಟ್ ಇಲ್ಲದ ಟಿ1 ಚಿತ್ರದಲ್ಲೇ ಬೆಳ್ಳಗೆ ಕಾಣುತ್ತಿವೆ ಎಂದು ತೋರಿಸಿದರು. ಈ ಔಷಧಿಗಳಲ್ಲಿ ಎರಡು ಬಗೆ. 'ಲೀನಿಯರ್' ಬಗೆಯಲ್ಲಿ ಲೋಹದ ಮೇಲಿನ ಹಿಡಿತ ಸಡಿಲ, ಜಾಸ್ತಿ ಉಳಿದುಕೊಳ್ಳುತ್ತದೆ. 'ಮ್ಯಾಕ್ರೋಸೈಕ್ಲಿಕ್' ಬಗೆಯಲ್ಲಿ ಲೋಹ ಪಂಜರದೊಳಗೆ ಕೂತ ಹಾಗೆ, ಹಿಡಿತ ಬಿಗಿ, ಉಳಿಯುವುದು ಬಹಳ ಕಡಿಮೆ. 2017ರಲ್ಲಿ ಯುರೋಪಿನ ಔಷಧಿ ಸಂಸ್ಥೆ ರಕ್ತನಾಳಕ್ಕೆ ಕೊಡುವ ಹಲವು ಲೀನಿಯರ್ ಔಷಧಿಗಳನ್ನು ನಿಲ್ಲಿಸಲು ಹೇಳಿತು. ಉಳಿದುಕೊಂಡ ಗ್ಯಾಡೋಲಿನಿಯಂನಿಂದ ಮಿದುಳಿಗೆ ಹಾನಿ ಆಗಿದೆ ಎಂಬುದು ಸಾಬೀತಾಗಿಲ್ಲ. ಆದರೂ ಬೇಡದ ಕಡೆ ಕೊಡಬಾರದು. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಚರ್ಮ ಬಿಗಿದುಕೊಳ್ಳುವ ಗಂಭೀರ ಕಾಯಿಲೆಗೆ ಇದರ ನಂಟು ಇದೆ ಎಂದು 2006ರಲ್ಲೇ ತಿಳಿದಿತ್ತು. ಹಾಗಾಗಿ ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಗರ್ಭಿಣಿಯರಿಗೆ ತೀರಾ ಅಗತ್ಯ ಬೀಳದೆ ಕೊಡುವುದಿಲ್ಲ.

2021ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಎಂಎಸ್ ತಜ್ಞರು ಸೇರಿ ಒಂದು ಮಾರ್ಗಸೂಚಿ ಕೊಟ್ಟರು. ಅದರ ಪ್ರಕಾರ ವರ್ಷಕ್ಕೊಮ್ಮೆಯ ಮಾಮೂಲಿ ಸ್ಕ್ಯಾನಿಗೆ ಕಾಂಟ್ರಾಸ್ಟ್ ಕಡ್ಡಾಯ ಅಲ್ಲ, ಹೋಲಿಸಲು ಒಳ್ಳೆಯ ಹಳೆಯ ಚಿತ್ರ ಇದ್ದರೆ. ಈ 'ಇದ್ದರೆ' ಎಂಬ ಮಾತೇ ಇಲ್ಲಿ ಮುಖ್ಯ. ಹಾಗಾಗಿ ಹಳೆಯ_ಬೇರು ಅವರೇ, ಕಾಂಟ್ರಾಸ್ಟ್ ಇಲ್ಲದ್ದೆಲ್ಲ ಅರ್ಧ ಸ್ಕ್ಯಾನ್ ಅಲ್ಲ. ನನ್ನ ಪ್ರಕಾರ ಹೋಲಿಸಲು ಹಳೆಯದಿಲ್ಲದ ಸ್ಕ್ಯಾನೇ ಅರ್ಧ ಸ್ಕ್ಯಾನ್.

ಮುಂಗಾರು ಅವರೇ, ನಿಮ್ಮಿಂದ ಕೆಲವು ವಿವರ ಬೇಕು. ಹಿಂದಿನ ಸ್ಕ್ಯಾನ್ ಯಾವಾಗ ಆಯಿತು, ಮಾತ್ರೆ ಯಾವಾಗ ಶುರುವಾಯಿತು? ಎರಡೂ ಸ್ಕ್ಯಾನ್ ಒಂದೇ ಮಷೀನಿನಲ್ಲಾ? ಮಾತ್ರೆ ತಪ್ಪದೆ ತೆಗೆದುಕೊಂಡಿದ್ದೀರಾ? ಸ್ಕ್ಯಾನಿಗೆ ಮೊದಲು ಸ್ಟೀರಾಯ್ಡ್ ಏನಾದರೂ ತೆಗೆದುಕೊಂಡಿದ್ದಿರಾ?

ಮುಂಗಾರು_ಹಕ್ಕಿ

ಮೇಡಂ, ಬಹಳ ಧನ್ಯವಾದ. ಹಿಂದಿನ ಸ್ಕ್ಯಾನ್ ಕಾಯಿಲೆ ಗೊತ್ತಾದಾಗ, ಅಂದರೆ 18 ತಿಂಗಳ ಹಿಂದೆ. ರಕ್ತಪರೀಕ್ಷೆ, ಎರಡನೇ ಅಭಿಪ್ರಾಯ ಅಂತ ತಡವಾಗಿ ಮಾತ್ರೆ ಶುರುವಾದದ್ದು 15 ತಿಂಗಳ ಹಿಂದೆ. ನಡುವೆ ಯಾವ ಸ್ಕ್ಯಾನೂ ಇಲ್ಲ. ಮಾತ್ರೆ ಒಂದು ಹೊತ್ತೂ ತಪ್ಪಿಸಿಲ್ಲ. ಸ್ಟೀರಾಯ್ಡ್ ಕಣ್ಣಿನ ಸಮಸ್ಯೆಗೆ ಆಗ ಕೊಟ್ಟದ್ದೇ ಕೊನೆ. ಮಷೀನ್ ಬೇರೆ ಬೇರೆ. ಅಯಸ್ಕಾಂತದ ಬಲ ಮೊದಲನೆಯದರಲ್ಲಿ 1.5 ಟೆಸ್ಲಾ, ಈಗಿನದರಲ್ಲಿ 3 ಟೆಸ್ಲಾ. ಹಳೆಯ ರಿಪೋರ್ಟಿನಲ್ಲಿ ಸ್ಲೈಸ್ ದಪ್ಪ 5 ಮಿಲಿಮೀಟರ್ ಎಂದಿದೆ. ಇದೆಲ್ಲ ಅಷ್ಟು ಮುಖ್ಯನಾ?

ಸ್ಕ್ಯಾನ್_ಕೋಣೆ

ಬಹಳ ಮುಖ್ಯ. 5 ಮಿಲಿಮೀಟರ್ ಸ್ಲೈಸಿನಲ್ಲಿ 3 ಮಿಲಿಮೀಟರ್ ಲೀಷನ್ ಸುತ್ತಲಿನ ಭಾಗದ ಜೊತೆ ಕಲಸಿಹೋಗಿ ಮಂಕಾಗುತ್ತದೆ. ಎರಡು ಸ್ಲೈಸ್ ನಡುವಿನ ಬಿಡುವಿನಲ್ಲಿ ಕೂತರೆ ಕಾಣದೇ ಹೋಗಬಹುದು. ಈಗ ಹೆಚ್ಚಿನ ಕಡೆ 3ಡಿ ಫ್ಲೇರ್ ತೆಗೆಯುತ್ತಾರೆ, ಸುಮಾರು 1 ಮಿಲಿಮೀಟರ್ ದಪ್ಪ, ನಡುವೆ ಬಿಡುವೇ ಇಲ್ಲ. ಹಾಗಾಗಿ ನಿಮ್ಮ 'ಹೊಸ' ಲೀಷನ್‌ಗಳಲ್ಲಿ ಒಂದೋ ಎರಡೋ ಆಗಲೇ ಇದ್ದು, ಈಗ ಕಣ್ಣಿಗೆ ಬಿದ್ದಿರಬಹುದು. ತಲೆ ಸ್ವಲ್ಪ ಓರೆಯಾಗಿ ಮಲಗಿದ್ದರೂ ಹೋಲಿಸುವುದು ಕಷ್ಟ.

ಹಳೆಯ ಸ್ಕ್ಯಾನಿನ ಸಿಡಿ ನಿಮ್ಮ ಹತ್ತಿರ ಇದೆಯಾ? ಫಿಲ್ಮ್ ಅಲ್ಲ, ರಿಪೋರ್ಟ್ ಅಲ್ಲ. ಡೈಕಾಮ್ ಫೈಲ್‌ಗಳು, ಅಂದರೆ ಮಷೀನು ಕೊಟ್ಟ ಮೂಲ ಚಿತ್ರಗಳು ಬೇಕು.

ನರಜಾಲ

ಈಗ ಚಿತ್ರ ಸ್ವಲ್ಪ ಬಿಡಿಸಿಕೊಳ್ಳುತ್ತಿದೆ. ಇದನ್ನು ಒಂದು ಕಾಲರೇಖೆಯ ಹಾಗೆ ನೋಡಿ.

ಮೊದಲ ಸ್ಕ್ಯಾನ್ ಆಗಿ ಮೂರು ತಿಂಗಳು ನಿಮ್ಮ ಮೈಯಲ್ಲಿ ಯಾವ ಔಷಧಿಯೂ ಇರಲಿಲ್ಲ. ಮಾತ್ರೆ ಶುರುವಾದ ಮೇಲೂ ಅದರ ಪೂರ್ತಿ ಬಲ ಬರಲು ಕೆಲವು ತಿಂಗಳು ಬೇಕು. ಆ ಸಮಯದಲ್ಲಿ ಹುಟ್ಟಿದ ಲೀಷನ್ನೂ ಇವತ್ತಿನ ಸ್ಕ್ಯಾನಿನಲ್ಲಿ 'ಹೊಸದು' ಅಂತಲೇ ಎಣಿಕೆಯಾಗುತ್ತದೆ. ಅದಕ್ಕೆ ಔಷಧಿಯನ್ನು ದೂರುವಂತಿಲ್ಲ. ಇದೇ ಕಾರಣಕ್ಕೆ ಔಷಧಿ ಶುರುವಾಗಿ 3ರಿಂದ 6 ತಿಂಗಳಿಗೆ ಒಂದು ಹೊಸ ಬೇಸ್‌ಲೈನ್ ಸ್ಕ್ಯಾನ್ ತೆಗೆಯಬೇಕು ಎನ್ನುವುದು. ಮುಂದಿನದನ್ನೆಲ್ಲ ಅದಕ್ಕೇ ಹೋಲಿಸಬೇಕು. ನಿಮಗೆ ಅದು ಆಗಿಲ್ಲ. ಹಾಗಾಗಿ ಹೊಳೆಯದ ಆ ಎರಡು ಲೀಷನ್‌ಗಳಿಂದ ಔಷಧಿ ಸೋತಿದೆ ಎಂದು ಹೇಳಲು ಆಗುವುದಿಲ್ಲ.

ಹೊಳೆಯುವ ಆ ಒಂದು ಲೀಷನ್ ಕಥೆ ಬೇರೆ. ಅದು ವಾರಗಳ ಹಿಂದಿನದು. ಆಗ ನೀವು ಮಾತ್ರೆ ಶುರುಮಾಡಿ ಒಂದು ವರ್ಷ ದಾಟಿತ್ತು. ಅಂದರೆ ಔಷಧಿ ಪೂರ್ತಿ ಕೆಲಸ ಮಾಡುತ್ತಿರಬೇಕಾದ ಹೊತ್ತಿನಲ್ಲೇ ಹುಟ್ಟಿದ್ದು. ನಿಮ್ಮ ವಿಷಯದಲ್ಲಿ ಕಾಂಟ್ರಾಸ್ಟ್ ಕೊಟ್ಟದ್ದು ಒಳ್ಳೆಯದೇ ಆಯಿತು. ಅದಿಲ್ಲದಿದ್ದರೆ ಈ ಮೂರರಲ್ಲಿ ಯಾವುದು ಯಾವಾಗಿನದು ಎಂದು ಯಾರೂ ಹೇಳಲು ಆಗುತ್ತಿರಲಿಲ್ಲ.

'ನನಗೇನೂ ಆಗಿಲ್ಲವಲ್ಲ' ಎಂಬ ಮಾತಿಗೆ ಬರುತ್ತೇನೆ. ಎಂಆರ್‌ಐನಲ್ಲಿ ಹೊಸ ಲೀಷನ್ ಕಾಣುವುದು, ರೋಗಿಗೆ ತಿಳಿಯುವ ಅಟ್ಯಾಕಿಗಿಂತ ಸುಮಾರು 5ರಿಂದ 10 ಪಟ್ಟು ಹೆಚ್ಚು. ಲೀಷನ್ ಕಣ್ಣಿನ ನರದಲ್ಲೋ ಬೆನ್ನುಹುರಿಯಲ್ಲೋ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ಮಿದುಳಿನ ಒಳಗಿನ ಬಿಳಿ ಭಾಗದಲ್ಲಿ ಬಿದ್ದರೆ ಅಕ್ಕಪಕ್ಕದ ದಾರಿಗಳು ಕೆಲಸ ಹೊತ್ತುಕೊಳ್ಳುತ್ತವೆ, ನಿಮಗೆ ಸುಳಿವೇ ಸಿಗುವುದಿಲ್ಲ. ಒಂದೇ ಒಂದು ಹೊಸ ಟಿ2 ಲೀಷನ್‌ಗೆ ಔಷಧಿ ಬದಲಿಸಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ಚಿಕಿತ್ಸೆ ನಡೆಯುತ್ತಿರುವಾಗ ಹೊಳೆಯುವ ಲೀಷನ್ ಕಂಡರೆ ನಾವು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ.

ಜೊತೆಗಾರ

ನಮ್ಮ ಮನೆಯಲ್ಲಿ ಇದರ ಉಲ್ಟಾ. ಹೆಂಡತಿಗೆ ಎಂಎಸ್, ನಾಲ್ಕು ವರ್ಷದಿಂದ ಪ್ರತಿ ರಿಪೋರ್ಟಿನಲ್ಲೂ 'ಆ್ಯಕ್ಟಿವ್ ಲೀಷನ್ ಇಲ್ಲ'. ಓದಿದಾಗ ಖುಷಿಯಾಗುತ್ತದೆ. ಆದರೆ ಅವಳ ಕಾಲು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. ಮೊದಲು ಎರಡು ಕಿಲೋಮೀಟರ್ ನಡೆಯುತ್ತಿದ್ದಳು, ಈಗ ಮುನ್ನೂರು ಮೀಟರಿಗೆ ನಿಲ್ಲಬೇಕು. ಸ್ಕ್ಯಾನ್ ಸರಿಯಾಗಿದೆ ಅಂದಾಗ ಅವಳಿಗೆ ತನ್ನ ಮಾತನ್ನು ಯಾರೂ ನಂಬುತ್ತಿಲ್ಲ ಅನ್ನಿಸುತ್ತದೆ. ಒಂದು ಸಲ ಪರೀಕ್ಷೆ ಕೋಣೆಯಿಂದ ಹೊರಗೆ ಬಂದು ಅತ್ತುಬಿಟ್ಟಳು. ಎಂಆರ್‌ಐಗೆ ಕಾಣದ ಕಾಯಿಲೆಯೂ ಇರುತ್ತದೆಯಾ ಡಾಕ್ಟ್ರೇ?

ನರಜಾಲ

ಇರುತ್ತದೆ. ನಿಮ್ಮ ಹೆಂಡತಿ ಹೇಳುತ್ತಿರುವುದು ನಿಜ, ಅದನ್ನು ಅವರಿಗೆ ಮೊದಲು ಹೇಳಿ.

'ಆ್ಯಕ್ಟಿವ್ ಇಲ್ಲ' ಎಂದರೆ ಹೊಸ ದಾಳಿ ಇಲ್ಲ, ತಡೆಗೋಡೆ ಈಗ ಒಡೆದಿಲ್ಲ ಎಂದಷ್ಟೇ ಅರ್ಥ. ಕಾಯಿಲೆ ನಿಂತಿದೆ ಎಂದಲ್ಲ. ತಡೆಗೋಡೆ ಮುಚ್ಚಿಕೊಂಡ ಮೇಲೂ ಕೆಲವು ಹಳೆಯ ಲೀಷನ್‌ಗಳ ಅಂಚಿನಲ್ಲಿ ಉರಿಯೂತ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಗ್ಯಾಡೋಲಿನಿಯಂ ಅಲ್ಲಿಗೆ ತಲುಪುವುದಿಲ್ಲ, ಹಾಗಾಗಿ ಹೊಳೆಯುವುದಿಲ್ಲ. ಆ ಅಂಚಿನಲ್ಲಿ ಕಬ್ಬಿಣ ತುಂಬಿಕೊಂಡ ಕಣಗಳು ಸೇರಿರುತ್ತವೆ. ಕಬ್ಬಿಣಕ್ಕೆ ಸ್ಪಂದಿಸುವ ವಿಶೇಷ ಚಿತ್ರ ತೆಗೆದರೆ ಲೀಷನ್ ಸುತ್ತ ಕಪ್ಪು ಅಂಚು ಕಾಣುತ್ತದೆ. ಇದಕ್ಕೆ ಪ್ಯಾರಾಮ್ಯಾಗ್ನೆಟಿಕ್ ರಿಮ್ ಎನ್ನುತ್ತಾರೆ. ಮೆಕ್‌ಡೊನಾಲ್ಡ್ ಮಾನದಂಡ ಎಂದರೆ ಎಂಎಸ್ ಇದೆ ಎಂದು ತೀರ್ಮಾನಿಸುವ ನಿಯಮಗಳು. 2001ರಲ್ಲಿ ಮೊದಲು ಬಂದವು, 2024ರ ಪರಿಷ್ಕರಣೆಯಲ್ಲಿ ಈ ರಿಮ್‌ಗೂ ಜಾಗ ಸಿಕ್ಕಿದೆ. ಲೀಷನ್ ನಡುವೆ ಸಣ್ಣ ರಕ್ತನಾಳ ಕಾಣುವ 'ಸೆಂಟ್ರಲ್ ವೇನ್' ಗುರುತಿಗೂ ಸಿಕ್ಕಿದೆ. ಆದರೆ ಎಲ್ಲ ಕಡೆ ಈ ಚಿತ್ರಗಳನ್ನು ಮಾಮೂಲಾಗಿ ತೆಗೆಯುವುದಿಲ್ಲ.

ಬೆನ್ನುಹುರಿಯ ಸ್ಕ್ಯಾನ್ ಕೊನೆಗೆ ಯಾವಾಗ ಆಯಿತು? ಬರೀ ಮಿದುಳು ನೋಡಿ 'ಸರಿಯಾಗಿದೆ' ಎಂದರೆ ಕಾಲಿನ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಲ್ಲ. ನಡಿಗೆಯ ದೂರ, 25 ಅಡಿ ನಡೆಯಲು ಎಷ್ಟು ಸೆಕೆಂಡ್ ಎಂಬುದನ್ನು ಬರೆದಿಡಿ. ಡಾಕ್ಟರ ಮುಂದೆ ಆ ಲೆಕ್ಕ ಇಡಿ. ಸ್ಕ್ಯಾನಿನಷ್ಟೇ ತೂಕ ಅದಕ್ಕೂ ಇದೆ.

ಜೊತೆಗಾರ

ಬೆನ್ನುಹುರಿ ಸ್ಕ್ಯಾನ್ ಆಗಿ ಆರು ವರ್ಷ ಆಗಿದೆ ಮೇಡಂ. ಇದನ್ನು ಯಾರೂ ಹೇಳಿರಲಿಲ್ಲ. ಇವತ್ತೇ ಕೇಳುತ್ತೇನೆ.

ಪ್ರಶ್ನೆ_ಗಂಟು

ನರಜಾಲ ಮೇಡಂ, ನಿಮ್ಮ ಉತ್ತರ ಎರಡು ಸಲ ಓದಿದೆ. ನನ್ನ ಸ್ಕ್ಯಾನ್‌ಗಳು ಮೂರು ವರ್ಷದಿಂದ ಒಂದೇ ಮಷೀನಿನಲ್ಲಿ, 3ಡಿ ಫ್ಲೇರ್‌ನಲ್ಲಿ ಆಗಿವೆ. ಹಾಗಾಗಿ ಕಾಂಟ್ರಾಸ್ಟ್ ಬೇಡ ಎಂದಿದ್ದು ನನಗೆ ಸರಿಹೋಗಿದೆ. ಮುಂಗಾರು ಅವರಿಗೂ ಅದನ್ನೇ ಹೇಳಹೊರಟಿದ್ದೆ, ಅದು ತಪ್ಪಾಗುತ್ತಿತ್ತು. ಸ್ಟೀರಾಯ್ಡ್ ಬಗ್ಗೆ ಯಾಕೆ ಕೇಳಿದಿರಿ?

ನರಜಾಲ

ಅಟ್ಯಾಕಿಗೆ ಕೊಡುವ ಮೀಥೈಲ್‌ಪ್ರೆಡ್ನಿಸೋಲೋನ್, ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳಕ್ಕೆ ಕೊಡುವ ಸ್ಟೀರಾಯ್ಡ್ ಇದೆಯಲ್ಲ, ಅದು ಒಡೆದ ತಡೆಯನ್ನು ಬೇಗ ಮುಚ್ಚುತ್ತದೆ. ಅದಾದ ಮೇಲೆ ಸ್ಕ್ಯಾನ್ ಮಾಡಿದರೆ ಹೊಸ ಲೀಷನ್ನೂ ಹೊಳೆಯದೆ ಇರಬಹುದು. ರಿಪೋರ್ಟಿನಲ್ಲಿ 'ಆ್ಯಕ್ಟಿವ್ ಇಲ್ಲ' ಎಂದು ಬರುತ್ತದೆ, ನಾವು ಮೋಸ ಹೋಗುತ್ತೇವೆ. ಆದಷ್ಟು ಸ್ಟೀರಾಯ್ಡ್‌ಗೆ ಮೊದಲು ಸ್ಕ್ಯಾನ್ ಆದರೆ ಒಳ್ಳೆಯದು. ಆದರೆ ಸ್ಕ್ಯಾನಿಗೆ ಸಮಯ ಸಿಗಲಿಲ್ಲ ಎಂದು ತೀವ್ರ ಅಟ್ಯಾಕಿಗೆ ಚಿಕಿತ್ಸೆ ತಡ ಮಾಡಬಾರದು.

ಹಾಗೇ, ಒಂದು ಲೀಷನ್ ಮೂರು ತಿಂಗಳು ದಾಟಿದರೂ ಹೊಳೆಯುತ್ತಲೇ ಇದ್ದರೆ 'ಇದು ನಿಜವಾಗಿ ಎಂಎಸ್‌ದೇ ಲೀಷನ್ನಾ' ಎಂದು ಮತ್ತೆ ಯೋಚಿಸಬೇಕಾಗುತ್ತದೆ.

ಮುಂಗಾರು_ಹಕ್ಕಿ

*(ಹನ್ನೊಂದು ದಿನಗಳ ನಂತರ)*

ಹಳೆಯ ಸಿಡಿ ಸಿಕ್ಕಿತು. ಅಮ್ಮ ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಡಾಕ್ಟರಿಗೆ ಕೊಟ್ಟು, ಎರಡೂ ಸ್ಕ್ಯಾನ್ ಅಕ್ಕಪಕ್ಕ ಇಟ್ಟು ಮತ್ತೊಮ್ಮೆ ನೋಡಿ ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ರೇಡಿಯಾಲಜಿಸ್ಟ್ ಜೊತೆ ಕೂತು ನೋಡಿದರು, ನನ್ನನ್ನೂ ಒಳಗೆ ಕರೆದರು.

ಮೂರರಲ್ಲಿ ಒಂದು ಹಳೆಯದೇ. ಮಿದುಳಿನ ಹೊರಪದರದ ಹತ್ತಿರ ಇದೆ. ಹಳೆಯ ಚಿತ್ರದಲ್ಲಿ ಒಂದೇ ಸ್ಲೈಸಿನಲ್ಲಿ ಮಂಕಾಗಿ ಕಾಣುತ್ತದೆ, ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸ್ಕ್ಯಾನ್_ಕೋಣೆ ಸರ್ ಹೇಳಿದ ಹಾಗೇ ಆಯಿತು. ಎರಡನೆಯದು ನಿಜಕ್ಕೂ ಹೊಸದು, ಆದರೆ ಹೊಳೆಯುತ್ತಿಲ್ಲ. ಅದು ಮಾತ್ರೆಗೆ ಮೊದಲಿನದಾ, ಆಮೇಲಿನದಾ ಎಂದು ಹೇಳಲಾಗದು ಎಂದರು. ಮೂರನೆಯದನ್ನು ತೋರಿಸಿದಾಗ ನಾನೇ ನೋಡಿದೆ. ದ್ರವ ತುಂಬಿದ ಕುಹರದ ಪಕ್ಕದಲ್ಲಿ, ಒಂದು ಕಡೆ ತೆರೆದ ಉಂಗುರದ ಹಾಗೆ ಹೊಳೆಯುತ್ತಿತ್ತು. ಫ್ಲೇರ್‌ನಲ್ಲೂ ಅದೇ ಜಾಗದಲ್ಲಿ ಬಿಳಿ ಕಲೆ. ರಕ್ತನಾಳ ಅಲ್ಲ.

ನೋಡುತ್ತಿದ್ದಾಗ ಕೈ ತಣ್ಣಗಾಯಿತು. ನನಗೆ ಗೊತ್ತೇ ಆಗದೆ ನನ್ನೊಳಗೆ ಹೀಗೆ ನಡೆಯುತ್ತಿತ್ತಲ್ಲ ಎಂದು. ಆದರೆ ಮೊದಲ ದಿನದ ಹೆದರಿಕೆಗೂ ಇದಕ್ಕೂ ವ್ಯತ್ಯಾಸ ಇದೆ. 'ಮೂರು ಹೊಸ ಲೀಷನ್' ಎಂದು ಓದಿದಾಗ ಎಲ್ಲ ಕೈತಪ್ಪಿತು ಅನ್ನಿಸಿತ್ತು. ಈಗ ಯಾವುದು ಎಷ್ಟು ಹಳೆಯದು ಎಂದು ಗೊತ್ತು.

ಔಷಧಿ ಬದಲಿಸಲು ಒಪ್ಪಿದ್ದೇನೆ. ಯಾವುದು ಎಂಬುದು ರಕ್ತಪರೀಕ್ಷೆ ಬಂದ ಮೇಲೆ. ಜೆಸಿ ವೈರಸ್ (ಕೆಲವು ಎಂಎಸ್ ಔಷಧಿ ತೆಗೆದುಕೊಳ್ಳುವವರಲ್ಲಿ ಮಿದುಳಿಗೆ ಸೋಂಕು ತರಬಲ್ಲ ವೈರಸ್) ಆ್ಯಂಟಿಬಾಡಿ, ಹೆಪಟೈಟಿಸ್, ಇನ್ನೂ ಒಂದೆರಡು ನೋಡುತ್ತಾರಂತೆ. ಹೊಸದು ಶುರುವಾಗಿ ಆರು ತಿಂಗಳಿಗೆ ಬೇಸ್‌ಲೈನ್ ಸ್ಕ್ಯಾನ್. ಈ ಸಲ ಅದನ್ನು ಬಿಡುವುದಿಲ್ಲ.

ಹಳೆಯ_ಬೇರು

ಚಿತ್ರವನ್ನು ನೀನೇ ಕೂತು ನೋಡಿದೆಯಲ್ಲ ತಂಗಿ, ಅದು ದೊಡ್ಡದು. ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಬೇಸ್‌ಲೈನ್‌ನಲ್ಲಿ ಬೆನ್ನುಹುರಿಯನ್ನೂ ಸೇರಿಸುತ್ತಾರಾ ಕೇಳಿದೆಯಾ?

ಮುಂಗಾರು_ಹಕ್ಕಿ

ಕೇಳಿದೆ ಅಣ್ಣ, ಜೊತೆಗಾರ ಅವರ ಮಾತು ಓದಿದ ಮೇಲೆ. ಕುತ್ತಿಗೆಯ ಭಾಗದ್ದು ಸೇರಿಸುತ್ತಾರೆ. ಅದೇ 3 ಟೆಸ್ಲಾ ಮಷೀನು, ಅದೇ 3ಡಿ ಫ್ಲೇರ್ ಎಂದು ಚೀಟಿಯಲ್ಲೇ ಬರೆಸಿಕೊಂಡಿದ್ದೇನೆ.

ಸ್ಕ್ಯಾನ್_ಕೋಣೆ

ಒಳ್ಳೆಯ ಕೆಲಸ ಮಾಡಿದಿರಿ ಮೇಡಂ. ಆ ದಿನ ಎರಡೂ ಸಿಡಿ ಜೊತೆಗೆ ತನ್ನಿ. ಚಿತ್ರ ತೆಗೆಯುವ ಮೊದಲೇ ಟೆಕ್ನಾಲಜಿಸ್ಟ್ ಕೈಗೆ ಕೊಡಿ, ರಿಪೋರ್ಟ್ ಬಂದ ಮೇಲೆ ಅಲ್ಲ. ಹಳೆಯ ಚಿತ್ರ ಮುಂದೆ ಇದ್ದರೆ ತಲೆಯನ್ನು ಅದೇ ಕೋನದಲ್ಲಿ ಇಡಬಹುದು.